ಹಲ್ಲು ಕಟ್ಟುವವಳು ಕಟ್ಟಿದ ಕಾರು

ಹಲ್ಲಿನಕ್ಕನ ಕೆಲಸ ಚೆನ್ನಾಗಿದೆ ಅನ್ನುವುದಕ್ಕೆ ಒಂದೇ ಗುರುತು: ಅದು ಯಾರ ಕಣ್ಣಿಗೂ ಬೀಳಬಾರದು. ಬಿದ್ದರೆ ಕೆಟ್ಟಿತು. ನಾಲ್ಕು ಜನರ ಮುಂದೆ ಒಬ್ಬರು ಬಾಯಿತುಂಬ ನಕ್ಕಾಗ ಪಕ್ಕದವರು, "ಈ ವಯಸ್ಸಲ್ಲೂ ಏನು ಹಲ್ಲು ರೀ ನಿಮ್ದು!" ಅಂದರೆ ಅವಳು ಗೆದ್ದಳು ಅಂತ ಅರ್ಥ. ನಕ್ಕವರು ಮಾತ್ರ, "ಎಲ್ಲಾ ದೇವರು ಕೊಟ್ಟಿದ್ದು" ಅನ್ನುತ್ತಾರೆ. ದೇವರು ಕೊಟ್ಟಿದ್ದು ಯಾವ ಕಾಲದಲ್ಲೋ ಉದುರಿಹೋಗಿರುತ್ತದೆ. ಆಮೇಲಿನದನ್ನು ಕೊಟ್ಟವಳು ಇವಳು. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಇವಳು ಮೇಣ ಕೆತ್ತಿ, ಅಚ್ಚು ಹಾಕಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ ಕಳಿಸುತ್ತಾಳೆ. ಬೋರ್ಡಿನಲ್ಲಿ ಹೆಸರು ಡಾಕ್ಟರದು, ಬಾಯಲ್ಲಿ ಹೆಸರು ದೇವರದು. ನಡುವೆ ಬೆನ್ನು ಬಗ್ಗಿಸಿದವಳಿಗೆ ಮೇಣದ ಬಿಸಿಗೆ ಸುಟ್ಟ ಬೆರಳ ತುದಿ.

ಅವಳ ಕೆಲಸದ ಕೋಣೆ ಅಂದರೆ ಮನೆಯ ಮುಂದಿನ ಕೋಣೆಯೇ. ಬೀದಿಗೆ ದೊಡ್ಡ ಕಿಟಕಿ. ಕಿಟಕಿಗೆ ಮಾತ್ರ ದಪ್ಪನೆಯ ಬಿಳಿ ಪರದೆ, ಯಾಕೆಂದರೆ ಹಲ್ಲು ಸರಿ ಮಾಡಿಸಿಕೊಳ್ಳಲು ಬರುವವರು ಕಳ್ಳತನಕ್ಕೆ ಬಂದವರ ಹಾಗೆ ಹಿಂಬಾಗಿಲಿನಿಂದ ಬರುತ್ತಾರೆ. ಬೊಕ್ಕ ಬಾಯಿ ಮುಚ್ಚಿಕೊಂಡ ಕರವಸ್ತ್ರ ಕೆಳಗಿಳಿಸದೆಯೇ ಮಾತಾಡುತ್ತಾರೆ. "ಯಾರಿಗೂ ಹೇಳ್ಬೇಡಿ ಅಕ್ಕಾ" ಅನ್ನುವುದು ಅವರೆಲ್ಲರ ಕೊನೆಯ ಮಾತು. ಬೀದಿಯಲ್ಲಿ ಎದುರು ಸಿಕ್ಕರೆ ಅವಳ ಪರಿಚಯವೇ ಇಲ್ಲದವರ ಹಾಗೆ ಆಕಾಶ ನೋಡುತ್ತಾರೆ. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬರುತ್ತಿತ್ತು. ಬಂದ ಸಿಟ್ಟನ್ನೆಲ್ಲ ಪಾಲಿಶ್ ಚಕ್ರಕ್ಕೆ ಕೊಟ್ಟುಬಿಡುತ್ತಿದ್ದಳು. ಹಾಗಾಗಿಯೇ ಅವಳ ಹಲ್ಲುಗಳು ಅಷ್ಟು ಹೊಳೆಯುತ್ತಿದ್ದವು ಅಂತ ಗಂಡ ಹೇಳುತ್ತಿದ್ದ.

ಗಂಡ ಬಸ್ ಕಂಡಕ್ಟರ್. ಮನೆಯಲ್ಲೂ, "ಒಳಗೆ ಸರೀರಿ, ಒಳಗೆ ಸರೀರಿ, ಮಧ್ಯ ಎಲ್ಲಾ ಖಾಲಿ" ಅನ್ನುತ್ತಲೇ ಊಟಕ್ಕೆ ಕೂರುವ ಆಸಾಮಿ. ಮನೆಯಲ್ಲಿರುವ ಇನ್ನೊಬ್ಬ ಅವಳ ಅಪ್ಪ. ಪೆನ್ಸಿಲ್ ಕಾರ್ಖಾನೆಯ ಯಜಮಾನರಿಗೆ ಕಾರು ಓಡಿಸಿ ನಿವೃತ್ತನಾದ ಡ್ರೈವರ್. ಬೀದಿಗೆಲ್ಲ ಡ್ರೈವರಜ್ಜ. ಕೆಲಸ ಬಿಟ್ಟ ಮೇಲೆ ಮಾತೂ ಕಡಿಮೆ. ಮಗಳ ಕೋಣೆಯಲ್ಲಿ ಒಂದು ಮೂಲೆಗೆ ಸ್ಟೂಲು ಹಾಕಿಕೊಂಡು, ಸಾಲಾಗಿ ಇಟ್ಟ ಹಲ್ಲಿನ ಸೆಟ್ಟುಗಳು ತನ್ನನ್ನೇ ನೋಡಿ ನಗುತ್ತಿವೆಯೇನೋ ಅನ್ನುವಂತೆ ಅವುಗಳನ್ನೇ ದುರುಗುಟ್ಟಿ ನೋಡುತ್ತಾ ಕೂರುತ್ತಿದ್ದ.

ಒಂದು ದಿನ ಚಿಕ್ಕ ಯಜಮಾನರು ಬಂದರು. ಅರವತ್ತು ದಾಟಿ, ತಲೆ ನುಣ್ಣಗಾದರೂ ಅವರು ಚಿಕ್ಕ ಯಜಮಾನರೇ. ಹಳೆಯ ಯಜಮಾನರ ಮಗ. ಅವರೂ ಹಿಂಬಾಗಿಲಿನಿಂದಲೇ ಬಂದದ್ದರಿಂದ ಹಲ್ಲಿನಕ್ಕ ಸಹಜವಾಗಿ, "ಮೇಲಿನ ಸಾಲೋ ಕೆಳಗಿನದೋ?" ಅಂದಳು.

"ಹಲ್ಲಲ್ಲಮ್ಮ. ಕಾರು."

ಮೂಲೆಯಲ್ಲಿದ್ದ ಅಜ್ಜ ಎದ್ದು ನಿಂತ. ಚಿಕ್ಕ ಯಜಮಾನರು ಅತ್ತ ತಿರುಗಿ, "ಏನಯ್ಯಾ ಡ್ರೈವರ್, ಇನ್ನೂ ಇದ್ದೀಯಾ?" ಅಂದರು. ತಮಗಿಂತ ಇಪ್ಪತ್ತು ವರ್ಷ ದೊಡ್ಡವನಿಗೆ, ಅವನದೇ ಮನೆಯಲ್ಲಿ ನಿಂತು ಏಕವಚನ. ಕೆಲವರ ನಾಲಿಗೆಗೆ ಅಪ್ಪ ಮಾಡಿಟ್ಟ ಆಸ್ತಿಯ ಜೊತೆಗೆ ಇದೂ ಬಳುವಳಿ ಬಂದಿರುತ್ತದೆ. ಅಜ್ಜ ಮಾತ್ರ ಹಿಗ್ಗಿ, "ಇದ್ದೀನಿ ಚಿಕ್ಕ ಯಜಮಾನ್ರೇ, ಇದ್ದೀನಿ" ಅಂದ.

ವಿಷಯ ಇಷ್ಟು. ಹಳೆಯ ಯಜಮಾನರು ಒಂದು ಕಾಲದಲ್ಲಿ ಹಡಗಿನಲ್ಲಿ ತರಿಸಿದ್ದ ಕಾರೊಂದಿತ್ತು. ಎರಡೇ ಬಾಗಿಲು, ಮೈಲುದ್ದದ ಬಾನೆಟ್ಟು, ಮೊಂಡು ಬಾಲ, ಒಳಗೆ ಎಂಟು ಸಿಲಿಂಡರಿನ ಎಂಜಿನ್ನು. ಕಾರಿನ ಹುಚ್ಚು ಹಿಡಿದವರು ಇಂಥದಕ್ಕೆ ಮಸಲ್ ಕಾರ್ ಅನ್ನುತ್ತಾರೆ, ನಾವು ಪೈಲ್ವಾನ್ ಕಾರು ಅಂದರೂ ನಡೆಯುತ್ತದೆ. ನೀಲಿ ಬಣ್ಣ, ಮೂತಿಯಿಂದ ಬಾಲದವರೆಗೆ ಎರಡು ಬಿಳಿ ಪಟ್ಟೆ. ಅದು ತುಕ್ಕು ಹಿಡಿದು ಗುಜರಿಗೆ ಹೋಗಿ ಯಾವುದೋ ಕಾಲವಾಗಿತ್ತು. ಈಗ ಕಾರ್ಖಾನೆಗೆ ಹೊಸ ಮುಂಭಾಗದ ಹಾಲ್ ಕಟ್ಟಿಸಿದ್ದಾರೆ. ಹಾಲಿನ ನಟ್ಟನಡುವೆ ಗಾಜಿನ ಪೆಟ್ಟಿಗೆಯಲ್ಲಿ ಆ ಕಾರಿನ ತದ್ರೂಪು ಮಾದರಿ ಇಡಬೇಕು, ಮೊಣಕೈಯಿಂದ ಬೆರಳ ತುದಿವರೆಗಿನ ಉದ್ದದ್ದು. ಹಲ್ಲಿನ ಡಾಕ್ಟರು, "ಅಂಥ ಕೈ ನನ್ನ ಹತ್ರ ಒಂದಿದೆ" ಅಂದರಂತೆ. ಕೈ ಅವರ ಹತ್ತಿರವೇ ಇರುವ ಹಾಗೆ!

"ಬರೋರು ಹೋಗೋರು ಎಲ್ಲರ ಕಣ್ಣೂ ಮೊದಲು ಅದರ ಮೇಲೇ ಬೀಳಬೇಕು" ಅಂದರು ಚಿಕ್ಕ ಯಜಮಾನರು.

ಅಷ್ಟು ಸಾಕಾಯಿತು. ಎಲ್ಲರ ಕಣ್ಣೂ ಬೀಳಬೇಕಂತೆ! ಹಲ್ಲಿನಕ್ಕನಿಗೆ ದುಡ್ಡಿನ ಮಾತು ಅರ್ಧ ಕೇಳಿಸಲೇ ಇಲ್ಲ. ಜೀವಮಾನವೆಲ್ಲ ಕತ್ತಲ ಬಾಯಿಗಳೊಳಗೆ ಕೆಲಸ ಬಚ್ಚಿಟ್ಟವಳಿಗೆ ಬೆಳಕಿನಲ್ಲಿ, ಗಾಜಿನೊಳಗೆ, ಹಾಲಿನ ನಡುವೆ ಒಂದು ಜಾಗ. ಕೂತಲ್ಲಿ ನಿಂತಲ್ಲಿ ಅದೇ ಗುಂಗು ಹಿಡಿಯಿತು.

ಚಿಕ್ಕ ಯಜಮಾನರು ಕೊಟ್ಟದ್ದು ಎರಡು: ಒಂದು ಕಟ್ಟು ಫೋಟೋ, ಮತ್ತು ಗುಜರಿಗೆ ಹಾಕುವಾಗ ಬಾಗಿಲಿನಿಂದ ಕತ್ತರಿಸಿ ಇಟ್ಟುಕೊಂಡಿದ್ದ ಅಂಗೈಯಗಲದ ತಗಡು, ನೀಲಿ ಬಣ್ಣದ ನಮೂನೆಗೆ. ಹಲ್ಲಿನಕ್ಕ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ಎಲ್ಲದರಲ್ಲೂ ಕಾರಿನ ಮುಂದೆ ಯಜಮಾನರ ಸಂಸಾರ. ಬಾನೆಟ್ಟಿನ ಮೇಲೆ ಕೂತ ಮಕ್ಕಳು, ಬಾಗಿಲಿಗೆ ಒರಗಿದ ಸೊಸೆಯರು. ಹುಡುಕಿ ಹುಡುಕಿ ಅವಳ ಹೊಟ್ಟೆ ಉರಿಯಿತು.

"ಅಪ್ಪಾ, ದಿನಾ ಓಡಿಸಿದವನು ನೀನು. ಒಂದು ಫೋಟೋದಲ್ಲೂ ನೀನಿಲ್ವಲ್ಲ? ಆ ಮನೆ ನಾಯಿ ಕೂಡ ಇದೆ!"

"ಅಯ್ಯೋ ಹುಚ್ಚಿ, ಫೋಟೋ ತೆಗೆದವನೇ ನಾನು ಕಣೇ."

"ಒಂದ್ಸಲ ನೀನು ನಿಂತು ಅವರು ತೆಗೀಬಾರ್ದಾಗಿತ್ತಾ?"

"ತೆಗೆದಿದ್ರು ಒಂದ್ಸಲ. ಯಜಮಾನ್ರೇ ತೆಗೆದಿದ್ರು." ಅಜ್ಜ ನೆನೆದು ನಕ್ಕ. "ನನ್ನ ಚಪ್ಪಲಿ ಬಹಳ ಚೆನ್ನಾಗಿ ಬಂದಿತ್ತು."

ಫೋಟೋದಲ್ಲಿ ಇಲ್ಲದ್ದೆಲ್ಲ ಅಜ್ಜನ ತಲೆಯಲ್ಲಿತ್ತು. ಮುಚ್ಚಿದ ಬಾನೆಟ್ಟಿನ ಕೆಳಗೆ ಏನಿತ್ತು, ಸೀಟಿನ ಹೊಲಿಗೆ ಯಾವ ಕಡೆಗೆ ಹೋಗುತ್ತಿತ್ತು, ಯಾವ ಮೀಟರಿನ ಮುಳ್ಳು ಅಲುಗುತ್ತಲೇ ಇರುತ್ತಿತ್ತು. ತಿಂಗಳುಗಟ್ಟಲೆ ಹತ್ತು ಮಾತು ಆಡದವನು ಈಗ ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚಲಿಲ್ಲ. ಅಳತೆ ಮಾತ್ರ ಅವನದೇ ಲೆಕ್ಕ.

"ಸ್ಟೇರಿಂಗಿಗೂ ಸೀಟಿಗೂ ಎಷ್ಟು ಜಾಗ ಅಪ್ಪಾ?"

"ನನ್ನ ಹೊಟ್ಟೆಯಷ್ಟು."

"ಆಗಿನ ಹೊಟ್ಟೆನೋ ಈಗಿನದೋ?"

"ಆಗಿಂದು. ಈಗಿನ ಹೊಟ್ಟೆಗೆ ಲಾರಿ ಬೇಕು" ಅಂತ ಕಂಡಕ್ಟರ್ ಅಡಿಗೆಮನೆಯಿಂದಲೇ ಕೂಗಿದ. ಅಳಿಯನ ಮಾತಿಗೆ ಅಜ್ಜ ಕಿವುಡ.

ಹಲ್ಲಿಗಾಗಿ ಇದ್ದ ಸಾಮಾನೆಲ್ಲ ಕಾರಿಗೆ ಒದಗಿತು. ಮೈಯನ್ನು ಮೊದಲು ಮೇಣದಲ್ಲಿ ಕೆತ್ತಿದಳು, ಸ್ಪಿರಿಟ್ ದೀಪದಲ್ಲಿ ಚಾಕು ಕಾಯಿಸಿ, ಕೆನ್ನೆಯ ಉಬ್ಬು ತಿದ್ದುವ ಹಾಗೆ ಮಡ್‌ಗಾರ್ಡಿನ ಉಬ್ಬು ತಿದ್ದಿ. ಹಲ್ಲಿನ ಅಚ್ಚಾದರೆ ಪ್ಲಾಸ್ಟರಿನದು, ಒಡೆದೇ ಹಲ್ಲು ಹೊರಗೆ ತೆಗೆಯಬೇಕು. ಇದು ದೊಡ್ಡದು, ಕೆಟ್ಟರೆ ಗತಿಯೇನು ಅಂತ ರಬ್ಬರಿನಲ್ಲಿ ಅಚ್ಚು ತೆಗೆದು, ಅದರಲ್ಲಿ ಅಕ್ರಿಲಿಕ್ ಸುರಿದು ಮೈ ಎರಕ ಹೊಯ್ದಳು. ಬಂಪರಿಗೆ, ಹಲ್ಲಿನ ಸೆಟ್ಟಿನೊಳಗೆ ಕೂರಿಸುವ ಬೆಳ್ಳಿಬಣ್ಣದ ಲೋಹ. ಹಲ್ಲಿಗೆ ಹಾಕುವ ಕೊಕ್ಕೆಯ ತಂತಿಯಿಂದ ಬಾಗಿಲ ಹಿಡಿಕೆ, ವೈಪರು, ಪೆಟ್ರೋಲ್ ಹೋಗುವ ಕೊಳವೆ. ಎಂಜಿನ್ನಂತೂ ಒಂದು ಕಾವ್ಯ. ನಾಲ್ಕು ಆಚೆ ನಾಲ್ಕು ಈಚೆ ಓರೆಯಾಗಿ ಕೂತ ಸಿಲಿಂಡರುಗಳು, ಒಂದೊಂದರ ಪ್ಲಗ್ಗಿಗೂ ಕೂದಲಿಗಿಂತ ಚೂರು ದಪ್ಪದ ಕಪ್ಪು ವಯರು, ಆಯಿಲ್ ನೋಡಲು ಎಳೆಯುವ ಕಡ್ಡಿ. ಆ ಕಡ್ಡಿ ನಿಜವಾಗಿಯೂ ಹೊರಗೆ ಬರುತ್ತಿತ್ತು. ಅಜ್ಜ ಅದನ್ನು ಚಿಮಟದಲ್ಲಿ ಎಳೆದು, ಕಣ್ಣಿಗೆ ಹತ್ತಿರ ಹಿಡಿದು, "ಆಯಿಲ್ ಕಡಿಮೆ ಇದೆ" ಅಂದ.

ಕಸುಬಿನ ಕೈ ಅಷ್ಟು ಸುಲಭವಾಗಿ ಬೇರೆ ದಾರಿಗೆ ತಿರುಗುವುದಿಲ್ಲ. ಸೀಟುಗಳನ್ನು ಮೊದಲು ಮಾಡಿದಾಗ ಕೈಗೆ ಸಿಕ್ಕ ಅಕ್ರಿಲಿಕ್ಕು ವಸಡಿನ ಗುಲಾಬಿ ಬಣ್ಣದ್ದು. ಕಂಡಕ್ಟರ್ ಇಣುಕಿ, "ಏನೇ ಇದು, ಪ್ಯಾಸೆಂಜರ್ ವಸಡಿನ ಮೇಲೆ ಕೂರ್ಬೇಕಾ?" ಅಂದ. ಮುಂದಿನ ಜಾಲರಿಯ ಕಡ್ಡಿಗಳನ್ನು ಜೋಡಿಸಿದಾಗ, ಹಲ್ಲು ನಿಜವೆನಿಸಲಿ ಅಂತ ಒಂದನ್ನು ಎಳ್ಳಷ್ಟು ಸೊಟ್ಟಗೆ ಕೂರಿಸುವ ಅಭ್ಯಾಸ ಕೈಯನ್ನು ಬಿಡಲಿಲ್ಲ. ಅಜ್ಜ, "ನೆಟ್ಟಗೆ ಇಡಮ್ಮ, ಇದು ಬಾಯಲ್ಲ" ಅಂದ. ಬೈದುಕೊಳ್ಳುತ್ತಲೇ ಎಲ್ಲ ಕಿತ್ತು ಮತ್ತೆ ಕೂರಿಸಿದಳು.

ಕೊನೆಗೆ ಬಣ್ಣ. ಬಣ್ಣ ಹೊಂದಿಸುವುದೆಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಯಾರ ಹಲ್ಲು ಬರಿ ಬಿಳಿ, ಯಾರದು ಹಳದಿ ಬೆರೆತ ಬಿಳಿ, ಯಾರದು ಕಾಫಿ ಕುಡಿದ ಬಿಳಿ ಎಂದು ಕಿಟಕಿಯ ಬೆಳಕಿನಲ್ಲಿ ಕ್ಷಣದಲ್ಲಿ ಹೇಳುವವಳು. ತಗಡಿನ ತುಂಡನ್ನು ಎದುರಿಗಿಟ್ಟುಕೊಂಡು ನೀಲಿಗೆ ಕಪ್ಪು ಸೇರಿಸಿ, ಒಂದು ಹನಿ ಹಸಿರು ಬಿಟ್ಟು, ನೋಡಿ, ಮತ್ತೆ ಸೇರಿಸಿ ಹದ ಮಾಡಿದಳು. ಸ್ಪ್ರೇ ಹೊಡೆಯುವಾಗ ಅಜ್ಜನಿಗೆ ಕೆಮ್ಮು ಬರುತ್ತದೆಂದು ಹೊರಗೆ ಅಟ್ಟಿದಳು.

ಮಾರನೆಯ ಬೆಳಿಗ್ಗೆ ಬಟ್ಟೆ ಸರಿಸಿ ತೋರಿಸಿದಳು. ಅಜ್ಜ ಬಾಗಿ ನೋಡಿದ. ಸುತ್ತ ಬಂದು ನೋಡಿದ. ಆಮೇಲೆ, "ತೊಳೆದಿದ್ದೀಯಲ್ಲ ಮಗಳೇ!" ಅಂದ. ಕಣ್ಣು ತುಂಬಿ, ಬಾಯಿ ನಗುತ್ತಿತ್ತು.

ಏನೋ ವಯಸ್ಸಾದವರ ಮಾತು ಅಂತ ಅವಳೂ ನಕ್ಕಳು.

ಸಂಜೆ ಚಿಕ್ಕ ಯಜಮಾನರು ಬಂದರು. ಕಾರನ್ನು ನೋಡಿದ ಕೂಡಲೇ ಕಣ್ಣರಳಿತು, ಮರುಗಳಿಗೆಗೆ ಹುಬ್ಬು ಗಂಟಿಕ್ಕಿತು. "ಎಲ್ಲಾ ಸರಿಯಮ್ಮ, ಆದ್ರೆ ಬಣ್ಣ ಇದಲ್ಲ. ನಮ್ಮದು ಇನ್ನೂ ತಿಳಿ ನೀಲಿ. ಇಷ್ಟು ಕಡು ಇರ್ಲಿಲ್ಲ."

"ನಿಮ್ಮ ತಗಡು ನೋಡಿಯೇ ಹೊಂದಿಸಿದ್ದು ಸಾರ್."

"ಹಾಗಾದ್ರೆ ಪಕ್ಕದಲ್ಲಿಟ್ಟು ನೋಡು."

ಇಟ್ಟಳು. ಅವರು ಹೇಳಿದ್ದೇ ನಿಜ. ತಗಡು ತಿಳಿ, ಕಾರು ಕಡು. ಕುರುಡರಿಗೂ ಕಾಣುವಷ್ಟು ವ್ಯತ್ಯಾಸ. ಇಷ್ಟು ವರ್ಷದ ಕಣ್ಣು ಇವತ್ತು ಕೈಕೊಟ್ಟಿತೇ? ತಗಡನ್ನು ಮತ್ತೆ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಅವಳ ಎಡಗೈ, ಅವಳನ್ನು ಕೇಳದೆಯೇ, ನೀರಿನ ಬಟ್ಟಲಿಗೆ ಬೆರಳದ್ದಿ ತಗಡಿನ ಮೇಲೆ ಸವರಿತು. ಸವರಿದ್ದೇ ತಡ, ತಗಡು ಕಡುನೀಲಿಯಾಗಿ ಕಾರಿನೊಡನೆ ಒಂದಾಗಿ ಹೋಯಿತು.

ಹಲ್ಲು ಬಾಯಲ್ಲಿ ಯಾವಾಗಲೂ ಒದ್ದೆ. ಆದ್ದರಿಂದ ಹಲ್ಲಿನ ನಮೂನೆಯನ್ನು ಒದ್ದೆ ಮಾಡಿಯೇ ಬಣ್ಣ ನೋಡಬೇಕು, ಇದು ಅವಳ ಕಸುಬಿನ ಮೊದಲ ಪಾಠ. ತಗಡನ್ನು ನೋಡಿದಾಗಲೆಲ್ಲ ಬೆರಳು ತಾನಾಗಿ ನೀರು ಸವರಿತ್ತು. ಅವಳು ಬಳಿದದ್ದು ಒದ್ದೆ ಕಾರಿನ ಬಣ್ಣ. ಬೆಳಿಗ್ಗೆ ಅಪ್ಪ ಹೇಳಿದ ಮಾತು ಆಗ ಅರ್ಥವಾಯಿತು. ದಿನಾ ಬೆಳಿಗ್ಗೆ ಬಕೆಟ್ಟು ನೀರು ಹೊಯ್ದು ಕಾರು ತೊಳೆದವನ ಕಣ್ಣಿನಲ್ಲಿ ಉಳಿದದ್ದು ಒದ್ದೆ ಕಾರು. ಒರೆಸಿ ಒಣಗಿಸಿ ಬಾಗಿಲ ಮುಂದೆ ನಿಲ್ಲಿಸಿದ ಮೇಲೆ ಬಂದು ಹತ್ತಿದವರ ಕಣ್ಣಿನಲ್ಲಿ ಉಳಿದದ್ದು ಒಣ ಕಾರು. ಇಬ್ಬರದೂ ಸುಳ್ಳಲ್ಲ.

"ತಪ್ಪು ನಂದೇ ಸಾರ್" ಅಂದಳು. ಬೇರೆಯವರಾಗಿದ್ದರೆ ಬೆಳಕಿನ ಮೇಲೋ ಡಬ್ಬಿಯ ಮೇಲೋ ಹಾಕುತ್ತಿದ್ದರು.

"ಆಯ್ತು, ಇದರ ಮೇಲೇ ಇನ್ನೊಂದು ಕೈ ತಿಳಿ ಬಣ್ಣ ಹೊಡಿ. ಭಾನುವಾರ ಹಾಲಿನ ಉದ್ಘಾಟನೆ" ಅಂದು ಅವರು ಹೊರಟರು.

ಅಜ್ಜ ಸ್ಟೂಲಿನಿಂದ ಎದ್ದ. "ಹೊಡೆದುಬಿಡಮ್ಮ. ನಿನ್ನ ಕೆಲಸ ನಾಲ್ಕು ಜನ ನೋಡ್ಲಿ. ನಾನು ಒಂದ್ಸಲ ನೋಡಿದ್ನಲ್ಲ, ಸಾಕು" ಅಂದು ಜಗುಲಿಗೆ ಹೋಗಿ ಒಳಗೆ ಬೆನ್ನು ಹಾಕಿ ಕೂತ. ಬೇಕಾದದ್ದನ್ನು ಬೇಡವೆನ್ನುವುದರಲ್ಲಿ ಈ ಡ್ರೈವರುಗಳು, ಅಡಿಗೆಯವರು, ಕಾವಲಿನವರು ಎಂಥ ಪಳಗಿದವರು! ಜೀವಮಾನವೆಲ್ಲ ಬಾಗಿಲು ತೆಗೆದು ಹಿಡಿದವರಿಗೆ ತಮ್ಮ ಆಸೆಯನ್ನೂ ಹಾಗೇ ಬಾಗಿಲು ತೆಗೆದು ಸಾಗಹಾಕುವುದು ರೂಢಿಯಾಗಿಬಿಟ್ಟಿರುತ್ತದೆ.

ಹಲ್ಲಿನಕ್ಕ ತಿಳಿ ನೀಲಿ ಕಲೆಸಿದಳು. ಈ ಸಲ ಎಡಗೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ಕಾರಿನ ಕಿಟಕಿಗಳಿಗೆ ಅಂಟುಪಟ್ಟಿ ಹಚ್ಚಿದಳು. ಸ್ಪ್ರೇ ಕೈಗೆತ್ತಿಕೊಂಡಳು. ಮೂತಿಯ ಹತ್ತಿರ ಹಿಡಿದಳು. ಗುಂಡಿ ಒತ್ತಲು ಆಗಲಿಲ್ಲ.

ಹೊಡೆಯದಿದ್ದರೆ ಗಾಜಿನ ಪೆಟ್ಟಿಗೆ ಹೋಯಿತು. ಹೊಡೆದರೆ ಅಪ್ಪನ ಕಾರು ಹೋಯಿತು.

"ಏನೇ, ಗಾಡಿ ಹೊರಡಲ್ವಾ?" ಅಂತ ಕಂಡಕ್ಟರ್ ಬಾಗಿಲಲ್ಲಿ ನಿಂತ. ಅವಳ ಮುಖ ನೋಡಿ ದನಿ ಇಳಿಸಿದ. "ಅವರಿಗೆ ಬೇಕಾಗಿರೋದು ಏನು? ಇದಾ, ಇದರ ಮೇಲಿನ ಸಿಪ್ಪೇನಾ?"

ಅವಳು ಸ್ಪ್ರೇ ಕೆಳಗಿಟ್ಟಳು. ಮೇಜಿನ ಕೆಳಗೆ ರಬ್ಬರಿನ ಅಚ್ಚು ಇನ್ನೂ ಇತ್ತು. ಇನ್ನೊಂದು ಮೈ ಎರಕ ಹೊಯ್ಯಬಹುದು, ಚಕ್ರ ಬಂಪರು ಮತ್ತೆ ಮಾಡಬಹುದು. ಆದರೆ ಎಂಜಿನ್ನು, ಸೀಟು, ಮೀಟರುಗಳು? ಅವೆಲ್ಲ ಭಾನುವಾರದೊಳಗೆ ಆಗುವ ಮಾತಲ್ಲ. ಟೊಳ್ಳು ಕಾಣದ ಹಾಗೆ ಕಾರಿನ ಗಾಜಿಗೆ ಒಳಗಿನಿಂದ ಕಪ್ಪು ಬಳಿಯಬೇಕು, ಬಾನೆಟ್ಟನ್ನು ಅಂಟಿಸಿಬಿಡಬೇಕು. ಕಾರ್ಖಾನೆಗೆ ಫೋನ್ ಮಾಡಿದಳು. ಮುಚ್ಚುಮರೆ ಅವಳಿಗೆ ಒಗ್ಗದು.

"ಸಾರ್, ಇನ್ನೊಂದು ಮಾಡಿಕೊಡ್ತೀನಿ. ಬಣ್ಣ ನಿಮ್ಮದೇ. ಆದ್ರೆ ಅದರ ಬಾನೆಟ್ಟು ತೆಗೆಯೋಕಾಗಲ್ಲ. ಒಳಗೆ ಏನೂ ಇರಲ್ಲ, ಟೊಳ್ಳು. ದುಡ್ಡೂ ಅದಕ್ಕೆ ತಕ್ಕಷ್ಟೇ ಕೊಡಿ."

ಆ ಕಡೆಯಿಂದ ನಗು ಬಂತು. "ಗಾಜಿನ ಪೆಟ್ಟಿಗೆಯೊಳಗೆ ಬಾನೆಟ್ ಯಾರಮ್ಮಾ ತೆಗೀತಾರೆ? ನಾವು ಆಗ್ಲೂ ತೆಗೆದವರಲ್ಲ."

ಪಾಪ, ಅವರು ಪೂರ್ತಿ ಪ್ರಾಮಾಣಿಕವಾಗಿ ಹೇಳಿದ ಮಾತು. ದೊಡ್ಡ ಮನೆಗಳ ಚರಿತ್ರೆಯೆಲ್ಲ ಅದೇ ಒಂದು ವಾಕ್ಯದಲ್ಲಿ ಮುಗಿಯುತ್ತದೆ.

ಭಾನುವಾರ ಅಪ್ಪ ಮಗಳು ಅಳಿಯ ಮೂವರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹಾಲಿಗೆ ಹೋದರು. ದೀಪದ ಕೆಳಗೆ ಗಾಜಿನೊಳಗೆ ತಿಳಿನೀಲಿ ಕಾರು ಥಳಥಳ ಹೊಳೆಯುತ್ತಿತ್ತು. ಬಂದವರೆಲ್ಲ ಮುಗಿಬಿದ್ದು ನೋಡಿದರು. ಕೆಳಗೆ ಹಿತ್ತಾಳೆಯ ಫಲಕದಲ್ಲಿ ಹಳೆಯ ಯಜಮಾನರ ಹೆಸರು, ಅದರ ಕೆಳಗೆ 'ಪರಿಕಲ್ಪನೆ' ಅಂತ ಚಿಕ್ಕ ಯಜಮಾನರ ಹೆಸರು. ಅಷ್ಟೇ. ಮಾಡಿದವಳು ಇಲ್ಲ, ಓಡಿಸಿದವನು ಇಲ್ಲ. ಫಲಕದಲ್ಲಿ ಇನ್ನೂ ನಾಲ್ಕು ಸಾಲು ಹಿಡಿಸುವಷ್ಟು ಜಾಗ ಖಾಲಿ ಇತ್ತು. ಕಂಡಕ್ಟರಿಗೆ ಮೈಯೆಲ್ಲ ಉರಿದು, "ನಡೀರಿ, ಈ ಸ್ಟಾಪಲ್ಲಿ ಇಳಿಯೋರು ಯಾರೂ ಇಲ್ಲ" ಅಂದ.

ಹಲ್ಲಿನಕ್ಕನಿಗೇಕೋ ಆಗಬೇಕಾದಷ್ಟು ನೋವಾಗಲಿಲ್ಲ. ಎಲ್ಲರ ಕಣ್ಣೂ ಬೀಳುವ ಜಾಗ ಅಂದರೆ ಇಷ್ಟೇನಾ ಅನ್ನಿಸಿತು. ಜನ ನೋಡಿದರು, ಚೆನ್ನಾಗಿದೆ ಅಂದರು, ಬಿಸ್ಕತ್ತಿನ ತಟ್ಟೆಯ ಕಡೆ ತಿರುಗಿದರು. ಒಳಗೆ ಏನಿದೆ ಅಂತ ಬಗ್ಗಿ ಇಣುಕಿದವರು ಒಬ್ಬರೂ ಇಲ್ಲ.

ಮನೆಗೆ ಬಂದವಳೇ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಣೆಯ ಕಿಟಕಿಯ ಬಿಳಿ ಪರದೆಯನ್ನು ಕೊಕ್ಕೆಸಮೇತ ಕಿತ್ತು ತೆಗೆದಳು. ಗಾಜು ಉಜ್ಜಿದಳು. ಕಿಟಕಿಯ ಕಟ್ಟೆಯ ಮೇಲೆ ಅಪ್ಪನ ಕಡುನೀಲಿ ಕಾರನ್ನು ತಂದಿಟ್ಟಳು, ಬಾನೆಟ್ಟು ಪೂರಾ ತೆರೆದು, ಎರಡೂ ಬಾಗಿಲು ತೆರೆದು.

"ಅಯ್ಯೋ, ಪರದೆ ಇಲ್ದಿದ್ರೆ ಗಿರಾಕಿಗಳು ಬರಲ್ಲ ಕಣಮ್ಮ" ಅಂದ ಅಜ್ಜ.

"ಬರೋರು ಬರ್ಲಿ ಅಪ್ಪಾ. ನಾನೇನು ಕಳ್ಳಮಾಲು ಮಾಡ್ತೀನಾ?"

ಎರಡು ದಿನ ಹಿಂಬಾಗಿಲು ಬಡಿದವರಿಲ್ಲ. ಮುಂದಿನ ಕಿಟಕಿಗೆ ಮಾತ್ರ ಬೀದಿಯೇ ಮುತ್ತಿಕೊಂಡಿತು. ಅಜ್ಜ ಸ್ಟೂಲನ್ನು ಹೊರಗೆ ಹಾಕಿಕೊಂಡು, ಇದು ಕಾರ್ಬುರೇಟರ್, ಇದು ಫ್ಯಾನ್ ಬೆಲ್ಟು, ಮುಟ್ಬೇಡಿ ಗಾಜು ಒರೆಸಿದ್ದೀನಿ ಅಂತ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಒಂದು ಮ್ಯೂಸಿಯಂ ನಡೆಸಿದ. ಮೂರನೆಯ ದಿನ ಗುಂಪಿನಲ್ಲಿ ಮೂಲೆಯ ಬೇಕರಿಯವನೂ ಇದ್ದ, ಹೆಂಡತಿಯ ಜೊತೆ. ಪ್ಲಗ್ಗಿನ ವಯರುಗಳನ್ನು ನೋಡುತ್ತಾ ನೋಡುತ್ತಾ ಅವನಿಗೆ ಏನಾಯಿತೋ.

"ಇದೇನು ಮಹಾ!" ಅಂದ ಗಟ್ಟಿಯಾಗಿ. "ಇದಕ್ಕಿಂತ ನಾಜೂಕಿನ ಕೆಲಸ ನಾನು ಏಳು ವರ್ಷದಿಂದ ಬಾಯಲ್ಲಿಟ್ಕೊಂಡು ಓಡಾಡ್ತಿದ್ದೀನಿ, ನೋಡ್ರೋ!" ಮೇಲಿನ ಸಾಲನ್ನು ಪೂರ್ತಿ ಕಳಚಿ ಅಂಗೈಯಲ್ಲಿಟ್ಟು ಎತ್ತಿ ಹಿಡಿದು, ಹಲ್ಲಿಲ್ಲದ ಬಾಯಲ್ಲೇ ತೊದಲಿದ: "ಇತು ಅಕ್ಕಂತೇ ಕೈ!"

ಗುಂಪು ಗೊಳ್ಳೆಂದಿತು. ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು, "ಹಾಕ್ಕೊಳ್ರೀ ಮೊದ್ಲು, ಬಂಡ ಬಾಳು!" ಅಂದಳು.

ಹಲ್ಲಿನಕ್ಕ ಕಿಟಕಿಯಿಂದ ಕೈಚಾಚಿ ಆ ಸಾಲನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು. "ಏಳು ವರ್ಷದಲ್ಲಿ ಒಂದ್ಸಲನಾದ್ರೂ ಸರಿಯಾಗಿ ತೊಳ್ದಿದ್ದೀರಾ ಅಣ್ಣಾ? ಎಂಥ ಕೆಲಸನ ಹೀಗಾ ಇಟ್ಕೊಳ್ಳೋದು!" ಅಂತ ಬೈದು, ಅಲ್ಲೇ ಕಿಟಕಿಯ ಪಕ್ಕ ಕೂತು ಪಾಲಿಶ್ ಚಕ್ರ ಶುರುಮಾಡಿದಳು. ಬೇಕರಿಯವನು ಬೊಕ್ಕ ಬಾಯಿ ಬಿಟ್ಟುಕೊಂಡು ಕಾದ. ಬೀದಿಯವರೆಲ್ಲ ಕಾರನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತಾ ನಿಂತರು. ಹಿಂದೆ ನಿಂತವರಿಗೆ ಕಾಣದೆ, "ಸ್ವಲ್ಪ ಸರೀರಿ, ಮುಂದೆ ಸರೀರಿ" ಅಂತ ತಳ್ಳಾಟ ಶುರುವಾಯಿತು.